ಮಂಗಳೂರಿನಲ್ಲಿ ಫ್ರೀಲಾನ್ಸ್ ಡೆವಲಪರ್‌ಗಳ ಮಾರ್ಕೆಟ್‌ಪ್ಲೇಸ್: ನಿಜವಾದ ಕಷ್ಟ ಎಲ್ಲಿದೆ?

ಮಂಗಳೂರು–ಉಡುಪಿಯ ಫ್ರೀಲಾನ್ಸ್ ಡೆವಲಪರ್‌ಗಳನ್ನೂ ಅವರಿಗೆ ಕೆಲಸ ಕೊಡುವ ಕಂಪನಿಗಳನ್ನೂ ಸೇರಿಸುವ ವೇದಿಕೆಗೆ ಮೊದಲು ಯಾರನ್ನು ಕರೆತರಬೇಕು ಎಂದು ಕೇಳಿದ್ದೀರಿ. ಕೆಲಸ ಕೊಡುವವರನ್ನು. ಸುರತ್ಕಲ್, ನಿಟ್ಟೆ, ಮಣಿಪಾಲಗಳಲ್ಲಿ ಕಲಿತವರು ಒಂದು ಗೂಗಲ್ ಫಾರ್ಮ್ ಕಳಿಸಿದರೂ ಹೆಸರು ಬರೆಸುತ್ತಾರೆ. ಎರಡು ತಿಂಗಳು ಕೆಲಸ ಬರದಿದ್ದರೆ ಪ್ರೊಫೈಲ್ ಉಳಿಯುತ್ತದೆ, ಜನ ಇರುವುದಿಲ್ಲ. ಆದ್ದರಿಂದ ಹತ್ತು–ಹದಿನೈದು ಮಂದಿಯನ್ನೇ ಆರಿಸಿ, ವಾರಕ್ಕೆ ಎಷ್ಟು ಗಂಟೆ ಬಿಡುವಿದೆ ಎಂದು ಪ್ರತಿ ಸೋಮವಾರ ಕೇಳಿ. ಆರಿಸುವಾಗ ಪಜಲ್ ಕೊಡಬೇಡಿ; ದೋಷವಿರುವ ಸಣ್ಣ ಕೋಡ್ ಕೊಟ್ಟು ಮೂರು ಗಂಟೆಯ ಕೆಲಸಕ್ಕೆ ಹಣ ಕೊಡಿ. ನೌಕರಿಯಲ್ಲಿದ್ದುಕೊಂಡು ಸಂಜೆ ಕೆಲಸ ಮಾಡುವವರಾದರೆ, ಅವರ ನೇಮಕಾತಿ ಕರಾರು ಅದಕ್ಕೆ ಒಪ್ಪುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಹೆಚ್ಚು ಯೋಜನೆಗಳು ಕೆಡುವುದು ಸ್ಕೋಪ್‌ನಲ್ಲಿ, ಅಂದರೆ ಏನೇನು ಮಾಡಿಕೊಡಬೇಕು ಎಂಬುದರಲ್ಲಿ. ಬೈಕಂಪಾಡಿಯ ಕಾರ್ಖಾನೆಯವರು ‘ಸ್ಟಾಕ್ ನೋಡಲು ಒಂದು ಆ್ಯಪ್ ಬೇಕು’ ಎಂದರೆ ಒಬ್ಬರು ನಲವತ್ತು ಸಾವಿರ ಹೇಳುತ್ತಾರೆ, ಇನ್ನೊಬ್ಬರು ನಾಲ್ಕು ಲಕ್ಷ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಆ್ಯಪ್ ಊಹಿಸಿಕೊಂಡಿದ್ದಾರೆ. ಬಿಡ್ ಕರೆಯುವ ಮೊದಲು ಎರಡು ಪುಟ ನೀವೇ ಬರೆಯಿರಿ: ಯಾರು ಬಳಸುತ್ತಾರೆ, ಎಷ್ಟು ಸ್ಕ್ರೀನ್, ಟ್ಯಾಲಿಯಿಂದ ಡೇಟಾ ಬರಬೇಕೇ, ಹೋಸ್ಟಿಂಗ್ ಯಾರ ಹೆಸರಲ್ಲಿ, ಏನು ಓಡಿದರೆ ಕೆಲಸ ಮುಗಿದಂತೆ. ಇದಕ್ಕೆ ಪ್ರತ್ಯೇಕ ಶುಲ್ಕ ಪಡೆಯಿರಿ. ಪುಕ್ಕಟೆಯಾದರೆ ಕ್ಲೈಂಟ್ ಓದುವುದಿಲ್ಲ. ಕೋಡ್ ಯಾರದು ಎಂಬುದೂ ಅದರಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫ್ರೀಲಾನ್ಸರ್ ಬರೆದ ಕೋಡಿನ ಮೊದಲ ಒಡೆಯ ಸಾಮಾನ್ಯವಾಗಿ ಅವರೇ. ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಐದೇ ವರ್ಷ, ವ್ಯಾಪ್ತಿ ನಮೂದಿಸದಿದ್ದರೆ ಭಾರತ ಮಾತ್ರ.

ಇನ್ನು ಸೋರಿಕೆ. ಒಂದು ಲಕ್ಷದ ಕೆಲಸಕ್ಕೆ 15% ಕಮಿಷನ್ ಎಂದರೆ ಹದಿನೈದು ಸಾವಿರ. ಪರಿಚಯ ಮಾಡಿಸಿದ್ದಕ್ಕೆ ಮೊದಲ ಸಲ ಕೊಡುತ್ತಾರೆ. ಎರಡನೇ ಕೆಲಸಕ್ಕೆ ಇಬ್ಬರೂ ನಿಮ್ಮನ್ನು ಬಿಟ್ಟೇ ಮಾತಾಡಿಕೊಳ್ಳುತ್ತಾರೆ. ನಮ್ಮೂರಲ್ಲಿ ಇದು ಇನ್ನೂ ಸುಲಭ: ಹಂಪನಕಟ್ಟೆಯ ಕ್ಲೈಂಟಿಗೂ ಸುರತ್ಕಲ್ಲಿನ ಡೆವಲಪರಿಗೂ ನಡುವೆ ಒಂದು ಸಿಟಿ ಬಸ್ಸಿನ ದೂರ. ಅದಕ್ಕೇ ಡೆವಲಪರ್‌ಗಳು ಇಲ್ಲಿಯವರಿರಲಿ, ಕ್ಲೈಂಟ್‌ಗಳನ್ನು ಬೆಂಗಳೂರು, ಗಲ್ಫ್ ಕಡೆ ಹುಡುಕಿ ಎನ್ನುತ್ತೇನೆ. ಫ್ರೀಲಾನ್ಸ್ ಕೆಲಸದ ದೊಡ್ಡ ಜಾಗತಿಕ ವೇದಿಕೆ ಅಪ್‌ವರ್ಕ್ 2016ರಲ್ಲಿ ಒಬ್ಬ ಕ್ಲೈಂಟಿನಿಂದ ಬಂದ ಮೊದಲ 500 ಡಾಲರಿಗೆ 20%, 10,000 ಡಾಲರ್ ತನಕ 10%, ಆಮೇಲೆ 5% ಎಂದು ಇಳಿಸುತ್ತಾ ಹೋದ ದರ ತಂದಿತ್ತು (2023ರಲ್ಲಿ ಎಲ್ಲಕ್ಕೂ 10% ಮಾಡಿತು). ಚಿಕ್ಕ ವೇದಿಕೆಗೆ ಇಳಿಯುವ ದರವೇ ಸರಿ. ಕರಾರಿನ ಬೆದರಿಕೆಯಿಂದ ಯಾರೂ ಉಳಿಯುವುದಿಲ್ಲ. ಹಣ ತಡವಾಗದಿದ್ದರೆ, ಡೆವಲಪರ್ ಕೈಕೊಟ್ಟಾಗ ವಾರದೊಳಗೆ ಬದಲಿ ಸಿಕ್ಕರೆ ಉಳಿಯುತ್ತಾರೆ.

ಕ್ಲೈಂಟಿನ ಹಣವನ್ನು ನಿಮ್ಮ ಕರೆಂಟ್ ಅಕೌಂಟಿನಲ್ಲಿ ಇಟ್ಟುಕೊಂಡು ಹಂಚಬೇಡಿ. ಅದು ಪೇಮೆಂಟ್ ಅಗ್ರಿಗೇಟರ್‌ಗಳಿಗೆ (ಒಬ್ಬರಿಂದ ಹಣ ಪಡೆದು ಇನ್ನೊಬ್ಬರಿಗೆ ತಲುಪಿಸುವ ಸಂಸ್ಥೆಗಳಿಗೆ) ಆರ್‌ಬಿಐ ಮಾಡಿರುವ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಪರವಾನಗಿ ಇರುವ ಅಗ್ರಿಗೇಟರ್ ಒಬ್ಬರ ಸ್ಪ್ಲಿಟ್ ಪೇಮೆಂಟ್ (ಹಣವನ್ನು ನೇರವಾಗಿ ಪಾಲು ಮಾಡಿ ಕೊಡುವ) ಸೌಲಭ್ಯ ಬಳಸಿ, ಕೆಲಸದ ಒಂದೊಂದು ಹಂತ (ಮೈಲ್‌ಸ್ಟೋನ್) ಒಪ್ಪಿಗೆಯಾದ ಮೇಲೆ ಬಿಡುಗಡೆಯಾಗುವಂತೆ ಮಾಡಿ. ಹೀಗೆ ಹಣ ನಿಮ್ಮ ವೇದಿಕೆಯ ಮೂಲಕ ಹೋದರೆ ನೀವು ಇ-ಕಾಮರ್ಸ್ ಆಪರೇಟರ್: ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು, ನೋಂದಾಯಿತ ಡೆವಲಪರ್‌ಗಳ ಬಿಲ್ಲಿನ ಮೇಲೆ 0.5% ಟಿಸಿಎಸ್ (2024ರ ಜುಲೈಗೆ ಮುಂಚೆ 1% ಇತ್ತು), ಜೊತೆಗೆ ಆದಾಯ ತೆರಿಗೆಯ 0.1% ಟಿಡಿಎಸ್; ಎರಡನ್ನೂ ಡೆವಲಪರ್‌ಗೆ ಹೋಗುವ ಹಣದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗೆ ವರ್ಷಕ್ಕೆ ಐದು ಲಕ್ಷದ ತನಕ ಈ ಟಿಡಿಎಸ್ ಇಲ್ಲ. ಮೊದಲ ಇನ್‌ವಾಯ್ಸ್ ಹೊರಡುವ ಮುಂಚೆ ಸಿಎ ಜೊತೆ ಕೂತು ಈ ಲೆಕ್ಕ ಬರೆದಿಟ್ಟುಕೊಳ್ಳಿ.