ಯುದ್ಧ ನಡೆಯುವಾಗ ಯುಕ್ರೇನ್ ಚುನಾವಣೆ, ಜನಮತಗಣನೆ ನಡೆಸಬಹುದೇ?

ಕಾನೂನು ತಿದ್ದದೆ ಆಗುವುದಿಲ್ಲ. 2022ರ ಫೆಬ್ರವರಿ 24ರಂದು ಅಲ್ಲಿ ಸೇನಾ ಕಾನೂನು ಜಾರಿಗೆ ಬಂತು. ಅದು ಇರುವಷ್ಟು ದಿನ ಚುನಾವಣೆಯೂ ಇಲ್ಲ, ದೇಶದ ಮಟ್ಟದ ಜನಮತಗಣನೆಯೂ ಇಲ್ಲ. ಸಂಸತ್ತಿನ ಅವಧಿ ತಾನಾಗಿ ಮುಂದುವರಿಯುತ್ತದೆ ಎಂದು ಸಂವಿಧಾನವೇ ಹೇಳುತ್ತದೆ. ಅಧ್ಯಕ್ಷರ ವಿಷಯ ಇಷ್ಟು ನೇರವಾಗಿಲ್ಲ: ಹೊಸಬರು ಅಧಿಕಾರ ವಹಿಸಿಕೊಳ್ಳುವವರೆಗೆ ಹಳಬರೇ ಇರುತ್ತಾರೆ ಎಂದಷ್ಟೇ ಇದೆ. ಝೆಲೆನ್‌ಸ್ಕಿ ಅವರ ಐದು ವರ್ಷ 2024ರ ಮೇನಲ್ಲಿ ಮುಗಿದಾಗ ಜಗಳ ಎದ್ದದ್ದು ಇಲ್ಲೇ.

ಇನ್ನೊಂದು ಗಂಟು ಇದೆ. ದೇಶದ ಗಡಿ ಬದಲಾಗಬೇಕಾದರೆ ಇಡೀ ದೇಶದ ಜನಮತಗಣನೆಯೇ ಬೇಕು. ಅಂದರೆ ‘ಸುಮ್ನೆ ನೆಲ ಬಿಟ್ಟುಕೊಟ್ಟು ಯುದ್ಧ ಮುಗಿಸಿ’ ಎನ್ನುವುದು ಒಂದು ಸಹಿಯಲ್ಲಿ ಆಗುವ ಕೆಲಸವಲ್ಲ.

1864ರಲ್ಲಿ ಅಂತರ್ಯುದ್ಧದ ನಡುವೆಯೇ ಅಮೆರಿಕ ಚುನಾವಣೆ ಮಾಡಿತ್ತಲ್ವಾ ಎಂದು ಕೇಳಬಹುದು. ನಿಜ. ಆದರೆ ಆಗ ಮತಗಟ್ಟೆಗಳ ಮೇಲೆ ಡ್ರೋನ್ ಬೀಳುತ್ತಿರಲಿಲ್ಲ.