ಹಿತ್ತಲ ಸೀಬೆಗೆ ಹುಳ: ಔಷಧಿ ಬಿಡಿ, ಬುಡ ನೋಡಿ

ಹಾಸನದಲ್ಲಿ ಮನೆ ಹಿಂದೆ ಒಂದೇ ಸೀಬೆ ಮರ, ಮಳೆಗಾಲದ ಹಣ್ಣು ಹೆಚ್ಚಿದರೆ ಒಳಗೆಲ್ಲ ಬಿಳಿ ಹುಳ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಏನೂ ಹೊಡೆಯಬೇಡಿ. ಹುಳ ಕಣ್ಣಿಗೆ ಬೀಳುವ ಹೊತ್ತಿಗೆ ಅದು ತಿರುಳೊಳಗೆ ಸೇರಿರುತ್ತದೆ. ಮೇಲೆ ಹೊಡೆದದ್ದನ್ನು ತಿನ್ನೋದು ನೀವು, ಹುಳ ಅಲ್ಲ.

ಇದು ಹಣ್ಣಿನ ನೊಣದ ಕೆಲಸ. ಮನೆ ನೊಣದಷ್ಟೇ ಗಾತ್ರ, ನೋಡಲು ಸಣ್ಣ ಕಣಜದ ಹಾಗಿರುತ್ತದೆ. ಕಾಯಿ ಬಲಿತು ಬಣ್ಣ ತಿರುಗುವಾಗ ಹೆಣ್ಣು ನೊಣ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಹತ್ತಿರದಿಂದ ನೋಡಿದರೆ ಸೂಜಿ ಮೊನೆಯಷ್ಟು ಚುಕ್ಕೆ, ಒತ್ತಿದರೆ ಅದರ ಸುತ್ತ ಮೆತ್ತಗೆ. ಅಂಥದ್ದೊಂದು ಹಣ್ಣು ಹೆಚ್ಚಿ ತಟ್ಟೆಯಲ್ಲಿಡಿ. ಬಲಿತ ಹುಳ ಬಿಲ್ಲಿನ ಹಾಗೆ ಬಾಗಿ ಟಪ್ ಅಂತ ತಟ್ಟೆಯಾಚೆ ಚಿಮ್ಮುತ್ತದೆ. ಅದಕ್ಕೆ ಬೇಕಾಗಿರೋದು ಮಣ್ಣು. ಬುಡದ ಮಣ್ಣಲ್ಲಿ ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ.

ನಮ್ಮದು ಸಕಲೇಶಪುರದ ಕಡೆ. ಬಿದ್ದ ಹಣ್ಣನ್ನೆಲ್ಲ ಆರಿಸಿ, ಗೊಬ್ಬರ ಆಗಲಿ ಅಂತ ತಿಪ್ಪೆಗೆ ಹಾಕುತ್ತಿದ್ದೆ. ಎರಡು ವರ್ಷ ನಾನೇ ನೊಣ ಸಾಕಿದ ಹಾಗಾಯಿತು! ಚೀಲಕ್ಕೆ ತುಂಬಿ ಬಿಸಿಲಿಗಿಡಿ ಅಂತ ಕೆಲವರು ಹೇಳುತ್ತಾರೆ. ಜುಲೈ ತಿಂಗಳಲ್ಲಿ ಇಲ್ಲಿ ಬಿಸಿಲನ್ನು ಎಲ್ಲಿಂದ ತರೋದು? ಈಗ ದಿನಾ ಬೆಳಿಗ್ಗೆ ಬಿದ್ದದ್ದನ್ನು ಬಕೆಟ್ಟಿಗೆ ಆರಿಸಿ, ಬಚ್ಚಲು ಹಂಡೆಯ ಕುದಿಯುವ ನೀರು ಸುರಿದು, ಎರಡಡಿ ಗುಂಡಿಯಲ್ಲಿ ಹೂಳುತ್ತೇನೆ. ಒಂದು ದಿನವೂ ತಪ್ಪಿಸಬಾರದು. ಮಳೆ ಬಿಟ್ಟಾಗ ಬುಡದ ಮಣ್ಣನ್ನು ಕುಂಟಾಣಿಯಲ್ಲಿ ಕೆದಕಿ ಬಿಟ್ಟರೆ ಕೋಶಗಳನ್ನು ಕೋಳಿ ಹೆಕ್ಕುತ್ತದೆ.

ಮೋಹಕ ಬಲೆಯನ್ನೂ ಕಟ್ಟಿ, ಒಂದು ಮರಕ್ಕೆ ಒಂದು ಸಾಕು. ಅದರೊಳಗಿನ ಮಿಥೈಲ್ ಯೂಜಿನಾಲ್ ವಾಸನೆಗೆ ಗಂಡು ನೊಣಗಳು ಮುತ್ತುತ್ತವೆ. ತುಳಸಿಯಲ್ಲೂ ಇರುವ ವಸ್ತು ಅದು. ಆದರೆ ಬರೋದು ಗಂಡು ಮಾತ್ರ, ಮೊಟ್ಟೆ ಇಡೋದು ಹೆಣ್ಣು. ಬಲೆ ತುಂಬ ನೊಣ ಕಂಡು ಗೆದ್ದೆವು ಅಂತ ಕೂತರೆ ಹಣ್ಣು ಕೈಗೆ ಸಿಗಲ್ಲ. ಬಲೆ ಎಲ್ಲಿ ಸಿಗುತ್ತೆ ಅಂತ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಒಂದೇ ಮರ ಅಲ್ವಾ, ಕೈಗೆಟಕುವ ಕಾಯಿಗೆ ಚೀಲ ಕಟ್ಟಿಬಿಡಿ. ಕಾಯಿ ನಿಂಬೆ ಗಾತ್ರ ಇರುವಾಗಲೇ ಕಟ್ಟಬೇಕು. ಪೇಪರ್ ನಮ್ಮ ಮಳೆಗೆ ಎರಡೇ ದಿನಕ್ಕೆ ಹರಿದುಹೋಯಿತು. ಹಳೇ ಸೊಳ್ಳೆ ಪರದೆ ಕತ್ತರಿಸಿ ಹೊಲಿದ ಚೀಲ ನಿಂತಿತು, ಆದರೆ ಕಾಯಿಗೆ ಅಂಟಿಕೊಳ್ಳದ ಹಾಗೆ ಸಡಿಲವಾಗಿರಬೇಕು. ಇಲ್ಲದಿದ್ದರೆ ನೊಣ ಪರದೆ ಮೇಲೇ ಕೂತು ಚುಚ್ಚುತ್ತದೆ.

ಇನ್ನೊಂದು ದಾರಿ ಇದೆ. ಬೇಸಿಗೆಯಲ್ಲಿ ಬಿಡುವ ಹೂವನ್ನು ಚಿವುಟಿ ಹಾಕಿದರೆ ಮಳೆಗಾಲದ ಬೆಳೆಯೇ ಇರೋದಿಲ್ಲ, ಚಳಿಗಾಲದ ಹಣ್ಣಿಗೆ ನೊಣದ ಕಾಟ ಕಮ್ಮಿ, ರುಚಿಯೂ ಜಾಸ್ತಿ. ನಮ್ಮ ಅತ್ತೆಗೆ ಮಾತ್ರ ಹೂ ಚಿವುಟೋದು ಸುತರಾಂ ಒಪ್ಪಿಗೆಯಿಲ್ಲ. ಹಾಗಾಗಿ ಅರ್ಧ ಮರ ಅವರಿಗೆ, ಅರ್ಧ ನನಗೆ.

ಎಲೆ ಕೆಳಗೆ ಬಿಳಿ ಹಿಟ್ಟು ಮೆತ್ತಿದ ಹಾಗೆ ಇದೆ ಅಂತಲೂ ಬರೆದಿದ್ದೀರಿ. ಅದು ಬೇರೆ, ಹಿಟ್ಟು ತಿಗಣೆ. ಪೈಪಿನ ನೀರು ರಭಸವಾಗಿ ಬಿಡಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ.