ಲಿಬಿಯಾದ ಎಣ್ಣೆ ಬರುತ್ತದೋ ಇಲ್ಲವೋ?

"ಲೋಕಕ್ಕೆ ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬೇಕು. ಲಿಬಿಯಾ ಕೊಡುವುದು ಅದರಲ್ಲಿ ನೂರಕ್ಕೊಂದು ಪಾಲು. ಅಷ್ಟಕ್ಕೇ ದೊಡ್ಡ ದೊಡ್ಡ ದೇಶಗಳು ಲೆಕ್ಕ ಬದಲಿಸುವುದೇಕೆ? ನಮ್ಮ ಪಾದೂರಿನ ನೆಲದಡಿಯ ದಾಸ್ತಾನು ಇಂಥ ಹೊತ್ತಿಗೆ ಒದಗುವುದಿಲ್ಲವೆ?"
– ಕಾಪು ಬಳಿಯಿಂದ ಒಬ್ಬ ಓದುಗರು

ಮಾನ್ಯರೆ,

ನಿಮ್ಮ ಲೆಕ್ಕ ಸರಿ. ಆ ಒಂದು ಪಾಲು ಖಂಡಿತ ಬರುವುದಿಲ್ಲ ಎಂದು ಗೊತ್ತಿದ್ದರೆ ಉಳಿದವರು ಅದನ್ನು ತುಂಬಿಕೊಟ್ಟು ಮುಂದೆ ಹೋಗುತ್ತಿದ್ದರು. ಅದು ಯಾವಾಗ ನಿಲ್ಲುತ್ತದೆ, ಯಾವಾಗ ಮರಳುತ್ತದೆ ಎಂದು ಯಾರಿಗೂ ಹೇಳಲಾಗದಿರುವುದೇ ತೊಡಕು.

2024ರ ಕಥೆ ನೋಡಿ. ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್ ಮತ್ತು ಅದರ ಜತೆಗಾರ ದೇಶಗಳನ್ನು ಸೇರಿಸಿ ಒಪೆಕ್ ಪ್ಲಸ್ ಎನ್ನುತ್ತಾರೆ. ಅದರ ಎಂಟು ದೇಶಗಳು ಅಕ್ಟೋಬರಿನಿಂದ ಉತ್ಪಾದನೆಯನ್ನು ದಿನಕ್ಕೆ 1.8 ಲಕ್ಷ ಬ್ಯಾರೆಲ್ ಹೆಚ್ಚಿಸುವುದಾಗಿ ಜೂನ್‌ನಲ್ಲೇ ಹೇಳಿದ್ದವು. ಲಿಬಿಯಾದಲ್ಲಿ ಪೂರ್ವಕ್ಕೊಂದು, ರಾಜಧಾನಿ ಟ್ರಿಪೋಲಿಯಲ್ಲೊಂದು ಪೈಪೋಟಿಯ ಆಡಳಿತಗಳಿವೆ. ಆಗಸ್ಟ್ 26ರಂದು ಪೂರ್ವಭಾಗದ ಆಡಳಿತ ತೈಲದ ಉತ್ಪಾದನೆ, ರಫ್ತು ಎರಡನ್ನೂ ನಿಲ್ಲಿಸುವುದಾಗಿ ಘೋಷಿಸಿತು. ಹೆಚ್ಚುವರಿ ಎಣ್ಣೆಗೆ ಮಾರುಕಟ್ಟೆಯಲ್ಲಿ ಜಾಗವಾಯಿತು ಎಂದುಕೊಳ್ಳುವಷ್ಟರಲ್ಲಿ, ಸೆಪ್ಟೆಂಬರ್ 3ರಂದು ಎರಡೂ ಕಡೆಯವರ ರಾಜಿಯ ಸುದ್ದಿ ಬಂತು. ಚೀನಾದ ಬೇಡಿಕೆಯ ಚಿಂತೆಯೂ ಸೇರಿಕೊಂಡು ಜಗತ್ತಿನ ತೈಲ ವ್ಯಾಪಾರಕ್ಕೆ ಅಳತೆಗೋಲಾದ ಬ್ರೆಂಟ್ ಕಚ್ಚಾತೈಲದ ದರ ಒಂದೇ ದಿನ ಶೇ. 5ರ ಹತ್ತಿರ ಕುಸಿಯಿತು. ನಿಂತ ಎಣ್ಣೆ ಇನ್ನೂ ಮರಳಿರಲಿಲ್ಲ, ಗಮನಿಸಿ. ಎರಡು ದಿನ ಬಿಟ್ಟು ಆ ಎಂಟೂ ದೇಶಗಳು ಹೆಚ್ಚಳವನ್ನು ಎರಡು ತಿಂಗಳು ಮುಂದೂಡಿದವು. ಬೇಡಿಕೆ ಸೊರಗಿದ್ದು ದೊಡ್ಡ ಕಾರಣವೇ. ಆದರೆ ಇಷ್ಟೇ ಉತ್ಪಾದಿಸಬೇಕೆಂಬ ಒಪೆಕ್‌ನ ಕೋಟಾ ಲಿಬಿಯಾಕ್ಕೆ ಅನ್ವಯಿಸುವುದಿಲ್ಲ. ಅದರ ಎಣ್ಣೆ ಮರಳಿದರೆ ತಡೆಯುವವರಿಲ್ಲ. ತಾವು ಹೆಚ್ಚಿಸಿದ ಮರುವಾರವೇ ಅದೂ ಬಂದು ಬಿದ್ದರೆ ದರ ಇಳಿದ ನಷ್ಟ ತಮ್ಮದೇ ಎಂಬ ಅಳುಕು ಉಳಿದವರಿಗೆ ಇದ್ದೇ ಇರುತ್ತದೆ.

ಆ ಅಳುಕಿಗೆ 2020ರ ಅನುಭವವಿದೆ. ಆ ಜನವರಿಯಲ್ಲಿ ಪೂರ್ವಭಾಗದ ಸೇನಾನಾಯಕ ಹಫ್ತಾರ್‌ನ ಪಡೆಗಳ ದಿಗ್ಬಂಧನದಿಂದ ಲಿಬಿಯಾದ ಉತ್ಪಾದನೆ ದಿನಕ್ಕೆ 12 ಲಕ್ಷ ಬ್ಯಾರೆಲ್‌ನಿಂದ ಒಂದು ಲಕ್ಷಕ್ಕೂ ಕೆಳಗಿಳಿಯಿತು. ಸೆಪ್ಟೆಂಬರಿನಲ್ಲಿ ದಿಗ್ಬಂಧನ ತೆರವಾಯಿತು, ನವೆಂಬರಿನಲ್ಲಿ 10 ಲಕ್ಷ ದಾಟಿತ್ತು. ಕೋವಿಡ್ ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಎಣ್ಣೆ ಅದು. ಡಿಸೆಂಬರಿನಲ್ಲಿ ಒಪೆಕ್ ಪ್ಲಸ್, ಜನವರಿಗೆಂದು ಯೋಚಿಸಿದ್ದ 19 ಲಕ್ಷದ ಬದಲು 5 ಲಕ್ಷವನ್ನಷ್ಟೇ ಹೆಚ್ಚಿಸಿತು.

ಇದನ್ನೆಲ್ಲ ಬರೀ 'ಪೂರೈಕೆ ವ್ಯತ್ಯಯ' ಎಂದು ಬರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಲಿಬಿಯಾದ ಎಣ್ಣೆಯ ಬಹುಪಾಲು ಬಾವಿ, ಬಂದರುಗಳು ಪೂರ್ವದವರ ಹಿಡಿತದಲ್ಲಿವೆ. ಮಾರಿದ ಹಣ ಸೇರುವುದು ಟ್ರಿಪೋಲಿಯ ಸೆಂಟ್ರಲ್ ಬ್ಯಾಂಕಿಗೆ. 2024ರ ಜಗಳವೂ ಆ ಬ್ಯಾಂಕಿನ ಗವರ್ನರ್ ಯಾರಾಗಬೇಕು ಎಂಬುದರದ್ದು. ದೇಶದ ಸಂಬಳ, ಆಮದು ಎಲ್ಲ ನಡೆಯುವುದು ಆ ಹಣದಲ್ಲೇ. ಬಂದರು ಮುಚ್ಚಿದಾಗ ಮೊದಲು ಸೊರಗುವುದು ಲಿಬಿಯಾದ ಜನರ ಮನೆ.

ಇನ್ನು ಪಾದೂರು, ಅಂದರೆ ತುರ್ತಿಗೆಂದು ಕಚ್ಚಾತೈಲ ಕೂಡಿಡುವ ನೆಲದಡಿಯ ಗುಹೆಗಳು. ಅಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣವೂ ಸೇರಿ ಒಟ್ಟು 53.3 ಲಕ್ಷ ಟನ್ ಹಿಡಿಸುತ್ತದೆ. ಪೂರ್ತಿ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನದಷ್ಟು. ಅದನ್ನು ಯಾವಾಗ ತೆರೆಯಬೇಕು ಎಂಬಲ್ಲೂ ಇದೇ ಪ್ರಶ್ನೆ. 2011ರ ಫೆಬ್ರುವರಿಯಲ್ಲಿ ಲಿಬಿಯಾ ದಂಗೆಯಿಂದ ಎಣ್ಣೆ ನಿಂತಾಗ, ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳ ದಾಸ್ತಾನಿನಿಂದ 6 ಕೋಟಿ ಬ್ಯಾರೆಲ್ ಬಿಡುವುದಾಗಿ ಘೋಷಿಸಿದ್ದು ಜೂನ್ 23ಕ್ಕೆ, ನಾಲ್ಕು ತಿಂಗಳು ಕಾದ ಮೇಲೆ. 2020ರ ದಿಗ್ಬಂಧನ ಎಂಟು ತಿಂಗಳು ನಡೆಯಿತು, 2024ರದ್ದು ಐದಾರು ವಾರಕ್ಕೆ ಮುಗಿಯಿತು. ಮೊದಲ ದಿನ ನೋಡಿದವರಿಗೆ ಎರಡೂ ಒಂದೇ ಥರ ಕಂಡಿದ್ದವು.

– ಸಂಪಾದಕ